ಮಗು ಮುಖ ನೋಡಿದ್ರೆ ಗಂಡಸರು ತಾನಾಗೇ ಕುಡಿತ ಬಿಡ್ತಾರಂತೆ. ಹಾಗೆ ಬಿಟ್ಟವರನ್ನ ಯಾರಾದ್ರೂ ನೋಡಿದ್ದೀರಾ?

ಎಳನೀರು · ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನನಗೀಗ ಎಂಟನೇ ತಿಂಗಳು. ಸೀಮಂತ ಮುಗಿಸಿಕೊಂಡು ಮದ್ದೂರು ಹತ್ತಿರದ ತವರಿಗೆ ಬಂದಿದ್ದೀನಿ. ಯಜಮಾನರು ಮೈಸೂರಲ್ಲಿ, ಹೂಟಗಳ್ಳಿ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮದುವೆಗೆ ಮುಂಚೆನೂ ಕುಡೀತಿದ್ರು, ಅದನ್ನ ಮುಚ್ಚಿಟ್ಟಿರಲಿಲ್ಲ. ಶನಿವಾರ ಸ್ನೇಹಿತರ ಜೊತೆ, ಅಷ್ಟೇ. ನಾನು ಬಸುರಿ ಅಂತ ಗೊತ್ತಾದ ಹೊಸದರಲ್ಲಿ ಅದೂ ನಿಂತಿತ್ತು. ನಾನು ಇಲ್ಲಿಗೆ ಬಂದ ಮೇಲೆ ವಾರದಲ್ಲಿ ನಾಲ್ಕೈದು ರಾತ್ರಿ ಆಗ್ತಿದೆ. ನೋಡೋಕೆ ನಾನಲ್ಲಿಲ್ಲ ನಿಜ. ಆದ್ರೆ ಫೋನಲ್ಲಿ ಒಂದೇ ಸಲಕ್ಕೆ ಮೂರು ಬಾರಿ 'ಊಟ ಆಯ್ತಾ' ಅಂತ ಕೇಳಿದ್ರೆ ಗೊತ್ತಾಗಲ್ವಾ?

ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲರದ್ದೂ ಒಂದೇ ಮಾತು. ಮಗು ಮುಖ ನೋಡಿದ್ರೆ ತಾನಾಗೇ ಬಿಡ್ತಾನೆ ಬಿಡು ಅಂತ. ಎರಡು ವರ್ಷದ ಹಿಂದೆ ಇದೇ ಮೂರು ಜನ 'ಮದುವೆ ಆದ್ರೆ ಬಿಡ್ತಾನೆ' ಅಂದಿದ್ರು.

ಹೊಡೆಯೋದು ಬಡಿಯೋದು ಏನೂ ಇಲ್ಲ, ದಯವಿಟ್ಟು ಅಲ್ಲಿಗೆ ಹೋಗಬೇಡಿ. ಅವರನ್ನ ಬಿಟ್ಟುಬಿಡು ಅನ್ನೋ ಸಲಹೆನೂ ಬೇಡ. ನಿಮ್ಮ ಮನೇಲಿ ನಿಜವಾಗಿ ಏನಾಯ್ತು ಅಂತ ಮಾತ್ರ ಹೇಳಿ.

ಬೆಲ್ಲದಚ್ಚು · ರಾತ್ರಿ 9:31

ಬುಡ್ತಾರೆ ಕಣವ್ವ, ಯಾಕ್ ಬುಡಾಕಿಲ್ಲ? ಹನ್ನೊಂದ್ ದಿನ ಬುಡ್ತಾರೆ. ಸೂತ್ಕ ಕಳ್ದು ಪುಣ್ಯ ಆದ್ ಸಂಜೆ ಗೆಳೇರು ಬಂದು 'ಏನ್ಲಾ, ಗಂಡ್ ಮಗ ಹುಟ್ಟೈತೆ, ಪಾರ್ಟಿ ಇಲ್ವೇನ್ಲಾ' ಅಂತಾರೆ, ಅಲ್ಲಿಗ್ ಮುಗೀತು. ಹೆಣ್ಣಾದ್ರೆ ಬೇಜಾರು ಅಂತ ಹನ್ನೊಂದ್ ದಿನಾನೂ ಕಾಯಾಕಿಲ್ಲ. ನಮ್ಮೂರಲ್ಲಿ ನಾ ಕಂಡಂಗೆ ಮಗ ಹುಟ್ತು ಅಂತ ಬುಟ್ಟೋನು ಒಬ್ನೇ, ಅವ್ನಿಗೆ ಅದೇ ವರ್ಸ ಕಾಮಾಲೆ ಆಗಿತ್ತು.

ಶನಿವಾರ ಸಂಜೆ · ರಾತ್ರಿ 9:40

ಅಕ್ಕ, ತಪ್ಪು ತಿಳ್ಕೋಬೇಡಿ. ದುಡಿಯೋ ಗಂಡಸು, ಮನೇಲಿ ಯಾರೂ ಇಲ್ಲ, ರಾತ್ರಿ ಒಂದು ಕ್ವಾರ್ಟರ್ ಹಾಕಿ ಮಲಗ್ತಾನೆ. ಗಲಾಟೆ ಇಲ್ಲ, ಸಾಲ ಇಲ್ಲ, ಸಂಬಳ ಮನೆಗೆ ಬರ್ತಿದೆ. ಇದನ್ನ ಸಮಸ್ಯೆ ಅಂತ ಯಾಕೆ ಮಾಡ್ತೀರ? ಎಲ್ಲ ಗಂಡಸರೂ ಕುಡೀತಾರೆ. ಮಗು ಬಂದ್ಮೇಲೆ ಜವಾಬ್ದಾರಿ ತಾನಾಗೇ ಬರುತ್ತೆ. ನನಗೂ ಹಾಗೇ ಬಂತು.

ಲೇಬರ್ ವಾರ್ಡ್ · ರಾತ್ರಿ 10:05

ನಾನು ಸ್ಟಾಫ್ ನರ್ಸ್, ಹೆರಿಗೆ ವಾರ್ಡಲ್ಲೇ ಕೂದಲು ಬೆಳ್ಳಗಾಗಿದೆ.

ಶನಿವಾರ ಸಂಜೆಯವರೇ, ಕ್ವಾರ್ಟರ್ ಅನ್ನೋದು ಬಾಯಲ್ಲಿ ಬಹಳ ಸಣ್ಣದಾಗಿ ಬರುತ್ತೆ. ಬಾಟ್ಲಿ ಲೇಬಲ್ ನೋಡಿ, ಶೇ. 42.8 ಅಂತ ಇರುತ್ತೆ. 180 ಎಂ.ಎಲ್.ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಒಳಗೆ ಹೋದ್ರೆ ಅದನ್ನ ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತದ ಪಟ್ಟಿಗೆ ಸೇರಿಸುತ್ತೆ. ತಿಂಗಳಿಗೆ ಒಂದು ಸಲ ಹಾಗಾದ್ರೂ ಲೆಕ್ಕಕ್ಕೆ ಬರುತ್ತೆ, ಇಲ್ಲಿ ಎಳನೀರು ಹೇಳ್ತಿರೋದು ವಾರಕ್ಕೆ ನಾಲ್ಕೈದು. ದಿನಾ ಒಂದು ಕ್ವಾರ್ಟರ್ ಅಂದ್ರೆ ತಿಂಗಳಿಗೆ ಐದೂವರೆ ಲೀಟರ್ ಹತ್ತಿರ, ಏಳು ಫುಲ್ ಬಾಟ್ಲಿ. ಅಡುಗೆಮನೆ ಸ್ಲ್ಯಾಬ್ ಮೇಲೆ ಏಳನ್ನೂ ಸಾಲಾಗಿ ಇಟ್ಟು ನೋಡಿ, ಆಮೇಲೆ ಸಣ್ಣದು ಅನ್ನಿ. ಬಿಯರ್ ಎಣ್ಣೆಯೇ ಅಲ್ಲ ಅನ್ನೋರಿಗೂ ಹೇಳ್ತೀನಿ: 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಶೇ. 8 ಇದ್ರೆ ಅದರಲ್ಲಿ 40 ಗ್ರಾಂ ಇದೆ.

'ಎಲ್ಲ ಗಂಡಸರೂ ಕುಡೀತಾರೆ' ಅನ್ನೋದಂತೂ ಸುಳ್ಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದು ವರ್ಷ ದಾಟಿದ ಗಂಡಸರಲ್ಲಿ ಕುಡಿಯೋರು ದೇಶದ ಮಟ್ಟದಲ್ಲಿ ಸುಮಾರು ಶೇ. 19. ಅಂದ್ರೆ ಐದರಲ್ಲಿ ನಾಲ್ಕು ಜನ ಕುಡಿಯಲ್ಲ. ಕುಡಿಯೋರ ಟೇಬಲ್ಲಲ್ಲಿ ಕೂತ್ಕೊಂಡು ಎಣಿಸಿದ್ರೆ ಎಲ್ಲರೂ ಕುಡಿಯೋರೇ ಕಾಣ್ತಾರೆ.

ಎಳನೀರು, ನಿಮ್ಮ ಪ್ರಶ್ನೆಗೆ ಬರ್ತೀನಿ. ಹೊರದೇಶಗಳಲ್ಲಿ ಇದನ್ನ ಅಧ್ಯಯನ ಮಾಡಿದ್ದಾರೆ. ಹೆಂಡತಿ ಬಸುರಿ ಅಂತ ಗೊತ್ತಾದ ಕೂಡಲೇ ಹೆಂಡತಿಯ ಕುಡಿತ ಬಹುತೇಕ ನಿಲ್ಲುತ್ತೆ, ಗಂಡನದ್ದು ಸ್ವಲ್ಪವೇ ಇಳಿಯುತ್ತೆ. ಆ ಸ್ವಲ್ಪ ಯಾಕೆ ಇಳಿಯುತ್ತೆ ಅಂತ ನನಗನಿಸೋದು ಇಷ್ಟು. ಅಲ್ಲಿ ಇಬ್ಬರೂ ಮನೇಲಿ ಜೊತೆಗೆ ಕೂತು ಕುಡಿಯೋರು, ಒಬ್ಬಳು ಗ್ಲಾಸ್ ಕೆಳಗಿಟ್ರೆ ಇನ್ನೊಬ್ಬನಿಗೆ ಕೈ ತಡೆಯುತ್ತೆ. ನಮ್ಮಲ್ಲಿ ಕುಡಿಯೋ ಹೆಂಗಸರು ನೂರಕ್ಕೆ ಒಬ್ಬರೂ ಚಿಲ್ಲರೆ. ಗಂಡಸರು ಕುಡಿಯೋದು ಬಾರಲ್ಲಿ, ಗದ್ದೆ ಬದುವಲ್ಲಿ, ನಾಲೆ ಏರಿ ಮೇಲೆ, ನಿಲ್ಲಿಸಿದ ಕಾರಲ್ಲಿ. ಹೆಂಡತಿ ಬಸುರಿ ಆಗಿದ್ದು ಆ ಜಾಗಕ್ಕೆ ಗೊತ್ತೇ ಆಗಲ್ಲ.

ತಾಯಿ ಕಾರ್ಡ್ · ರಾತ್ರಿ 10:22

ಸಿಸ್ಟರ್ ಹೇಳಿದ್ದು ಸರಿ. ನಾನು ಶ್ರೀರಂಗಪಟ್ಟಣ ತಾಲ್ಲೂಕಲ್ಲಿ ಆಶಾ ಕಾರ್ಯಕರ್ತೆ. ನನ್ನ ತಲೆಗೆ ಬಂದಿದ್ದನ್ನೂ ಹೇಳಿಬಿಡ್ತೀನಿ.

ನಮ್ಮ ಕಡೆ ಹೆಂಡತಿ ಬಸುರಿ ಆದ್ರೆ ಗಂಡನಿಗೂ ಎಷ್ಟು ಕಟ್ಟುಪಾಡು ನೋಡಿ. ತಲೆಕೂದಲು ತೆಗೆಸಬಾರದು, ಹೆಣ ಹೊರಬಾರದು, ಹಾವು ಹೊಡೀಬಾರದು, ಕುಂಬಳಕಾಯಿ ಒಡೀಬಾರದು, ಬೆಟ್ಟ ಹತ್ತಬಾರದು. ಎಣ್ಣೆ ಮುಟ್ಟಬಾರದು ಅಂತ ಮಾತ್ರ ಯಾವ ಅಜ್ಜಿನೂ ಹೇಳಿಲ್ಲ! ಗಡ್ಡ ಬಿಟ್ಕೊಂಡು, ಸಾವಿನ ಮನೆಗೆ ಹೋಗದೆ ಜೋಪಾನವಾಗಿ ಇರೋ ಗಂಡಸು ಅದೇ ಗಡ್ಡದಲ್ಲಿ ವೈನ್ ಸ್ಟೋರ್ ಮುಂದೆ ನಿಂತಿರ್ತಾನೆ.

ನಮ್ಮ ಇಲಾಖೆಯೂ ಅಷ್ಟೇ ಅನ್ನಿ. ತಾಯಿ ಕಾರ್ಡಲ್ಲಿ ಅವಳ ತೂಕ, ಬಿಪಿ, ಹಿಮೋಗ್ಲೋಬಿನ್, ಇಂಜೆಕ್ಷನ್ ಎಲ್ಲ ಬರೀತೀವಿ. ಗಂಡನದು ಹೆಸರು ಮತ್ತೆ ಮೊಬೈಲ್ ನಂಬರ್. ಅವನು ಕುಡೀತಾನಾ, ಎಷ್ಟು, ಅಂತ ಕೇಳೋ ಜಾಗ ಇಲ್ಲ. ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತೆ, ಗಂಡಂದಿರು ಬೈಕಲ್ಲಿ ಕರ್ಕೊಂಡು ಬರ್ತಾರೆ. ಬಂದು ಗೇಟ್ ಹೊರಗೆ ಮೊಬೈಲ್ ನೋಡ್ತಾ ನಿಲ್ತಾರೆ. ಒಳಗೆ ಬಾರಪ್ಪ ಅಂತ ನಾವೂ ಕರೆಯಲ್ಲ. ನಾನೀಗ ಒಬ್ಬೊಬ್ಬರನ್ನೇ ಕರೆದು, ಮಗುವಿನ ಎದೆಬಡಿತ ಕೇಳಿಸ್ತೀನಿ. ಅದಕ್ಕೆ ಖರ್ಚೇನಿಲ್ಲ.

ಬೆಲ್ಲದಚ್ಚು · ರಾತ್ರಿ 10:34

ಆಶಾ ಅಕ್ಕ ಸರ್ಯಾಗ್ ಇಡ್ಕೊಂಡ್ರು. ಇದೇ ಗಂಡಸ್ರು ಅಯ್ಯಪ್ಪನ್ ಮಾಲೆ ಆಕಿದ್ರೆ ನಲವತ್ತೊಂದ್ ದಿನ ಒಂದ್ ತೊಟ್ಟು ಮುಟ್ಟಾಕಿಲ್ಲ. ಕಾರ್ತಿಕದ್ ಚಳೀಲಿ ತಣ್ಣೀರ್ ಉಯ್ಕತಾರೆ, ಬರಿಗಾಲಲ್ ತಿರುಗ್ತಾರೆ. ಆಗ್ದೇ ಇರೋದಲ್ಲ. ಅಲ್ಲಿ ಗುರುಸ್ವಾಮಿ ಅವ್ರೆ, ಜೊತೇಲಿ ಹತ್ ಜನ ಸ್ವಾಮಿಗೋಳು ಅವ್ರೆ, ಮೈಮ್ಯಾಲೆ ಕರಿ ಬಟ್ಟೆ ಐತೆ, ಬಾರಿನ್ ಸಪ್ಲೈಯರ್ರೂ ಕೈ ಮುಗ್ದು 'ಸ್ವಾಮಿ, ಇಲ್ ಬರಬ್ಯಾಡಿ' ಅಂತಾನೆ. ಅಪ್ಪ ಆಗೋನಿಗೆ ಏನೈತೆ? ಮಾಲೆನೂ ಇಲ್ಲ, ಗುರುನೂ ಇಲ್ಲ. 'ಮಚ್ಚಾ ಟ್ರೀಟ್ ಕೊಡು' ಅನ್ನೋರು ಮಾತ್ರ ಅವ್ರೆ.

ಅಶೋಕಪುರಂ ವರ್ಕ್‌ಶಾಪ್ · ರಾತ್ರಿ 11:10

ತಂಗಿ, ನೀನು ಕೇಳಿದ್ದು 'ಯಾರಾದ್ರೂ ಬಿಟ್ಟಿದ್ದಾರಾ' ಅಂತ. ನಾನು ಬಿಟ್ಟಿದ್ದೀನಿ. ಆದ್ರೆ ಮಗು ಮುಖ ನೋಡಿ ಅಲ್ಲ.

ರೈಲ್ವೆ ಕೆಲಸ, ಬೆಳಿಗ್ಗೆ ಸೈರನ್, ಸಂಜೆ ಸೈರನ್. ಹೆಂಡತಿ ಚನ್ನಪಟ್ಟಣದ ತವರಿಗೆ ಹೋದಳು. ಏಳನೇ ತಿಂಗಳಿಂದ ಮಗುವಿಗೆ ಐದು ತಿಂಗಳು ತುಂಬೋವರೆಗೆ, ಎಣಿಸಿ ನೋಡು, ಹೆಚ್ಚುಕಡಿಮೆ ಏಳೆಂಟು ತಿಂಗಳು ಗಂಡಸು ಒಂಟಿ. ಸಂಜೆ ಡ್ಯೂಟಿ ಮುಗಿಸಿ ಬಂದು ಬೀಗ ತೆಗೆದ್ರೆ ಮನೆ ಬಣಗುಡುತ್ತೆ. ಒಬ್ಬನಿಗೆ ಯಾವನು ಅನ್ನ ಮಾಡ್ತಾನೆ? ಹೋಟೆಲ್ಲಿಗೆ ಹೋಗಬೇಕು. ಹೋಟೆಲ್ಲಿಗೆ ಹೋದ್ರೆ ಪಕ್ಕದಲ್ಲೇ ಬಾರು, ಅಲ್ಲೂ ಊಟ ಸಿಗುತ್ತೆ, ಮಾತಾಡೋಕೆ ಜನಾನೂ ಸಿಗ್ತಾರೆ. ಶನಿವಾರದ್ದು ಬುಧವಾರಕ್ಕೂ ಬಂದಿದ್ದು ಹೀಗೆ. ಯಾರೂ ಗಮನಿಸಲಿಲ್ಲ, ಗಮನಿಸೋಳು ಚನ್ನಪಟ್ಟಣದಲ್ಲಿದ್ದಳಲ್ಲ.

ಇನ್ನು ಅತ್ತೆಮನೆಗೆ ಮಗು ನೋಡೋಕೆ ಹೋದ್ರೆ ಅಲ್ಲಿ ನಾನು ಅಳಿಯ. ಅಳಿಯ ಅಂದ್ರೆ ನೆಂಟ. ಕುರ್ಚಿ ಹಾಕಿ ಕೂರಿಸೋದು, ಕೋಳಿ ಕೊಯ್ಯೋದು, ಭಾಮೈದ ಟವೆಲ್ ಒಳಗೆ ಬಾಟ್ಲಿ ಸುತ್ತಿಕೊಂಡು ಬರೋದು. ಮಗುನ ಎತ್ತಿಕೊಳ್ಳೋಕೆ ಹೋದ್ರೆ 'ಕೊಡಿ ಕೊಡಿ, ಹಸುಗೂಸು, ಕತ್ತು ನಿಂತಿಲ್ಲ' ಅಂತ ಕಸಿದುಕೊಳ್ಳೋದು. ನನ್ನ ಮಗನ ಹತ್ತಿರ ನಾನು ಇದ್ದಿದ್ದಕ್ಕಿಂತ ಆ ಬಾಟ್ಲಿ ಹತ್ತಿರ ಇದ್ದಿದ್ದೇ ಜಾಸ್ತಿ ಹೊತ್ತು. ಬಾಣಂತಿ ಕೋಣೆಗೆ ಗಂಡಸರಿಗೆ ಜಾಗ ಇಲ್ಲ, ಹಿತ್ತಿಲಲ್ಲಿ ಗಂಡಸರ ಗುಂಪಿಗೆ ಜಾಗ ಇದೆ. ಎಲ್ಲಿ ಜಾಗ ಕೊಡ್ತಾರೋ ಅಲ್ಲಿ ಹೋಗಿ ಕೂರ್ತಾನೆ ಮನುಷ್ಯ.

ನನ್ನದು ತಿರುಗಿದ್ದು ರಜೆ ವಿಷಯದಿಂದ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಅದನ್ನ ಹೆರಿಗೆ ಆದ ತಕ್ಷಣವೇ ತಗೋಬೇಕು ಅಂತೇನಿಲ್ಲ, ಹೆರಿಗೆ ಆಗಿ ಆರು ತಿಂಗಳ ಒಳಗೆ ಯಾವಾಗ ಬೇಕಾದ್ರೂ ತಗೋಬಹುದು. ಸೆಕ್ಷನ್ನಲ್ಲಿ ಒಬ್ಬ ಹಿರಿಯರು ಹೇಳಿದ್ರು, ಈಗ ತಗೊಂಡು ಅತ್ತೆಮನೆ ಕುರ್ಚಿ ಮೇಲೆ ಕೂತು ಕಳೀಬೇಡ, ಹೆಂಡತಿ ಮಗು ಮನೆಗೆ ಬರೋ ದಿನದಿಂದ ತಗೋ ಅಂತ. ಹಾಗೇ ಮಾಡಿದೆ. ಆ ಹದಿನೈದು ದಿನ ನಮ್ಮಮ್ಮನಿಗೂ ಕಾಲುನೋವು, ಮನೇಲಿ ನಾನೇ. ಎಣ್ಣೆ ಹಚ್ಚಿ ಸ್ನಾನ ಮಾಡಿಸೋದು ಕಲಿತೆ (ಈ ಎಣ್ಣೆ ಬೇರೆ!). ಬಟ್ಟೆ ಒಗೆದೆ, ತೇಗಿಸಿದೆ, ರಾತ್ರಿ ಎರಡಕ್ಕೆ ಎದ್ದು ಹೆಗಲ ಮೇಲೆ ಹಾಕಿಕೊಂಡು ಓಡಾಡಿದೆ. ರಾತ್ರಿ ಎರಡಕ್ಕೆ ಏಳಬೇಕಾದವನು ಒಂಬತ್ತಕ್ಕೆ ಕುಡಿಯೋಕಾಗಲ್ಲ, ಅಷ್ಟೇ ನನ್ನ ಕಥೆ. ಮನಸ್ಸು ಬದಲಾಯಿತು ಗಿನಸ್ಸು ಬದಲಾಯಿತು ಅಂತ ಸುಳ್ಳು ಹೇಳಲ್ಲ. ಮೊದಲು ರಾತ್ರಿ ಬದಲಾಯಿತು.

ಶನಿವಾರ ಸಂಜೆ · ರಾತ್ರಿ 11:25

ರೈಲ್ವೆಯವರಿಗೆ ರಜೆ ಇದೆ, ಹೇಳ್ತೀರ. ಪ್ರೈವೇಟಲ್ಲಿ ಅಂಥ ಕಾನೂನೇ ಇಲ್ಲ. ಮಗು ಹುಟ್ಟಿದ ದಿನ ಒಂದು ಸಿಎಲ್ ಹಾಕಿ ಮಾರನೇ ದಿನ ಮಶೀನ್ ಮುಂದೆ ನಿಂತಿದ್ದೆ ನಾನು.

ಅಶೋಕಪುರಂ ವರ್ಕ್‌ಶಾಪ್ · ರಾತ್ರಿ 11:29

ನಿಜ ಕಣಪ್ಪ, ಅದನ್ನ ಒಪ್ಕೋತೀನಿ. ಆದ್ರೆ ವಾರದ ರಜೆ ನಿನಗೂ ಇತ್ತಲ್ಲ. ಆ ದಿನ ಎಲ್ಲಿದ್ದೆ?

ಶನಿವಾರ ಸಂಜೆ · ರಾತ್ರಿ 11:41

ನನ್ನ ಹೆಸರೇ ಹೇಳುತ್ತಲ್ಲ ಅಣ್ಣ.

ಬಿಲ್ ಕೌಂಟರ್ · ರಾತ್ರಿ 12:50

ಈಗ ಶಟರ್ ಎಳೆದು ಬಂದೆ. ಮಂಡ್ಯದಲ್ಲಿ ಹೆದ್ದಾರಿ ಪಕ್ಕದ ಬಾರಲ್ಲಿ ಕ್ಯಾಷಿಯರ್. ನಾನು ಕುಡಿಯಲ್ಲ, ಬೈಯೋದಾದ್ರೆ ಬೈರಿ.

ಹೊಸದಾಗಿ ಅಪ್ಪ ಆದೋರು ಬಂದ್ರೆ ನಮಗೆ ಗೊತ್ತಾಗುತ್ತೆ. ಬಿಲ್ ಅವರದ್ದೇ ಇರುತ್ತೆ, ಜೊತೆಗೆ ಆರೇಳು ಜನ ಇರ್ತಾರೆ. ತಮಾಷೆ ಏನಂದ್ರೆ ಆ ಆರೇಳು ಜನಕ್ಕೆ ಹೋಲಿಸಿದ್ರೆ ಅವರೇ ಕಮ್ಮಿ ಕುಡಿಯೋದು, ಫೋನ್ ನೋಡ್ತಾ ಇರ್ತಾರೆ. ಆ ರಾತ್ರಿ ಲೆಕ್ಕಕ್ಕೆ ಬರಲ್ಲ. ನನಗೆ ಸಂಕಟ ಆಗೋದು ಅದಾದ ಮೂರ್ನಾಲ್ಕು ತಿಂಗಳಿಗೆ ಅದೇ ಮನುಷ್ಯ ಒಬ್ಬನೇ ಬರೋಕೆ ಶುರು ಮಾಡಿದ್ರೆ. ಗೋಡೆ ಕಡೆ ಮುಖ ಮಾಡಿ ಕೂರ್ತಾನೆ, ಸೈಡ್ಸ್ ಕೇಳಲ್ಲ, ಎರಡು ನೈಂಟಿ ಹಾಕಿ ಎದ್ದು ಹೋಗ್ತಾನೆ. ಗುಂಪಲ್ಲಿ ಕುಡಿಯೋನು ಬೇರೆ ಇವನು ಬೇರೆ.

ಮದ್ದೂರು ಅಕ್ಕ, ನಿಮ್ಮೋರು ಜೊತೆ ಕೂತು ಕುಡೀತಾರಾ, ಒಬ್ಬರೇ ಕುಡೀತಾರಾ ಅಂತ ಒಂದು ತಿಳ್ಕೊಳ್ಳಿ.

ಲೇಬರ್ ವಾರ್ಡ್ · ಬೆಳಿಗ್ಗೆ 6:20

ಬಿಲ್ ಕೌಂಟರ್ ತಮ್ಮ, ನೀವು ನೋಡಿದ್ದಕ್ಕೆ ವೈದ್ಯಕೀಯದಲ್ಲಿ ಹೆಸರಿದೆ. ಬಾಣಂತಿಯರಿಗೆ ಬರೋ ಖಿನ್ನತೆ ಅಪ್ಪಂದಿರಿಗೂ ಬರುತ್ತೆ, ಹತ್ತರಲ್ಲಿ ಒಬ್ಬರಿಗೆ. ಮಗುವಿಗೆ ಮೂರರಿಂದ ಆರು ತಿಂಗಳು ಆಗೋ ಹೊತ್ತಿಗೆ ಜಾಸ್ತಿ. ಹೆಂಗಸಾದ್ರೆ ಅಳ್ತಾಳೆ, ಅಮ್ಮ ಕೇಳ್ತಾಳೆ. ಗಂಡಸು ರೇಗ್ತಾನೆ, ಓವರ್‌ಟೈಮ್ ಮಾಡ್ತಾನೆ, ಕುಡೀತಾನೆ. 'ಕುಡುಕ ಆಗೋದ' ಅಂತಾರೆ, ಒಳಗೇನಾಗಿದೆ ಅಂತ ಕೇಳೋರಿಲ್ಲ. ಎಣ್ಣೆ ನಿದ್ದೆ ಬರಿಸಿದ ಹಾಗೆ ಮಾಡಿ ಮಧ್ಯರಾತ್ರಿ ಎಬ್ಬಿಸುತ್ತೆ, ಮೊದಲೇ ನಿದ್ದೆಗೆಟ್ಟವನು ಇನ್ನೂ ಕೆಡ್ತಾನೆ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೇಳಲ್ಲ.

ಎಳನೀರು · ಬೆಳಿಗ್ಗೆ 8:15

ಇಷ್ಟೊಂದು ಜನ ಬರೀತೀರ ಅಂದ್ಕೊಂಡಿರಲಿಲ್ಲ. ವರ್ಕ್‌ಶಾಪ್ ಅಣ್ಣ, ನೀವು ಬರೆದ ಭಾಮೈದನ ಟವೆಲ್ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅವರು ಭಾನುವಾರ ನನ್ನ ನೋಡೋಕೆ ಬಂದಾಗ ಬಾಟ್ಲಿ ತಂದಿಡೋದು ನಮ್ಮಣ್ಣನೇ. ತಂದುಕೊಡು ಅಂತ ದುಡ್ಡು ಕೊಡೋದು ನಮ್ಮಪ್ಪ. 'ಅಳಿಯಂದ್ರು ಬಂದವ್ರೆ' ಅಂತ. ಒಳಗೆ ಕೂತು ಅಮ್ಮ 'ಮಗು ಆದ್ರೆ ಬಿಡ್ತಾನೆ' ಅಂತಿರ್ತಾಳೆ, ಹಿತ್ತಿಲಲ್ಲಿ ಸೋಡಾ ಓಪನ್ ಆಗ್ತಿರುತ್ತೆ. ಇಷ್ಟು ದಿನ ನನಗೂ ಅದು ಮರ್ಯಾದೆ ಥರಾನೇ ಕಾಣಿಸ್ತಿತ್ತು.

ಆದ್ರೆ ಒಂದು ಮಾತು ಒಪ್ಪೋಕಾಗ್ತಿಲ್ಲ. ಅವರಿಗೆ ಕೆಲಸ ಕೊಡಿ, ಜಾಗ ಕೊಡಿ ಅಂತ ಎಲ್ಲರೂ ಹೇಳ್ತಿದ್ದೀರ. ಹೊಟ್ಟೆ ಹೊತ್ತಿರೋಳು ನಾನು, ಹೆರೋಳು ನಾನು, ಎದೆಹಾಲು ಕೊಡೋಳು ನಾನು. ಅವರು ಕುಡೀದೇ ಇರೋ ಹಾಗೆ ಅವರಿಗೊಂದು ಉದ್ಯೋಗ ಹುಡುಕಿ ಕೊಡೋದೂ ನನ್ನ ಪಾಲಿಗೇನಾ?

ತಾಯಿ ಕಾರ್ಡ್ · ಬೆಳಿಗ್ಗೆ 8:40

ಅಲ್ಲಮ್ಮ. ಕುಡಿಯೋದು ಬಿಡೋದು ಅವರ ಕೈಲಿದೆ, ಆ ಭಾರ ನೀನು ಹೊರಬೇಡ. ನಿನ್ನ ಕೈಲಿರೋದು ನಿಮ್ಮಪ್ಪನ ಮನೆ. ಅಲ್ಲಿ ಬಾಟ್ಲಿ ನಿಲ್ಲಿಸು. ನೀನು ಹೇಳೋಕೆ ಕಷ್ಟ ಆದ್ರೆ ಅಮ್ಮನ ಕೈಲಿ ಹೇಳಿಸು. ಬಸುರಿ ಬಯಸಿದ್ದು ಇಲ್ಲ ಅನ್ನಬಾರದು ಅಂತಾರಲ್ಲ, ಮಾವಿನಕಾಯಿ ಬದಲು ಇದನ್ನ ಕೇಳು.

ದೊಡ್ಡಮ್ಮ ಕೆ.ಆರ್.ಪೇಟೆ · ಬೆಳಿಗ್ಗೆ 9:30

ಮಗಳೇ, ನಮ್ಮ ಕಾಲದಲ್ಲಿ ಸಾರಾಯಿ ಪ್ಯಾಕೆಟ್ ಇತ್ತು, 2007ರಲ್ಲಿ ಸರ್ಕಾರ ಅದನ್ನ ನಿಲ್ಲಿಸ್ತು. ಹೆಂಗಸರು ಬದುಕಿದೋ ಅಂದ್ಕೊಂಡ್ವಿ. ಪ್ಯಾಕೆಟ್ ಬದಲು ಬಾಟ್ಲು ಬಂತು ಅಷ್ಟೇ. ನನ್ನ ಸೊಸೆಗೆ ಹೆರಿಗೆ ಆದಾಗ ಮಗನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸೋ ಪುಡಿ ತರಿಸಿ ಹಾಕಿದ್ದೆ, ಸ್ವಲ್ಪ ದಿನ ನಿಂತಿತ್ತು. ಗೋಡೆ ಮೇಲೆಲ್ಲ ಬರೆದಿರ್ತಾರಲ್ಲ, ಅದು. ನೀನೂ ನೋಡು. ಮಗು ಹುಟ್ಟಿದ ಮೇಲೆ ಶೀತ ಆದ್ರೆ ಒಂದೆರಡು ತೊಟ್ಟು ಬ್ರಾಂದಿ ಕೊಡೋಕೆ ಅಂತ ಮನೇಲಿ ಸ್ವಲ್ಪ ಇಟ್ಟಿರಬೇಕು, ಅದು ಮಾತ್ರ ಅವನಿಗೆ ಸಿಗದ ಹಾಗೆ ಬಚ್ಚಿಡು.

ಲೇಬರ್ ವಾರ್ಡ್ · ಬೆಳಿಗ್ಗೆ 9:52

ದೊಡ್ಡಮ್ಮ, ಕೈ ಮುಗಿದು ಕೇಳ್ತೀನಿ, ಎರಡೂ ಬೇಡ.

ಆ ಪುಡಿಗಳಲ್ಲಿ ಏನಿರುತ್ತೆ ಅಂತ ಬರೆದಿರೋದೇ ಇಲ್ಲ. ಕುಡಿತ ಬಿಡಿಸೋಕೆ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಡಾಕ್ಟರ್ ಬರೆದುಕೊಟ್ಟು, ರೋಗಿಗೆ ಗೊತ್ತಿದ್ದು, ಒಪ್ಪಿ ತಗೋಬೇಕಾದ ಔಷಧಿ ಅದು. ಅದನ್ನ ತಗೊಂಡೋರು ಎಣ್ಣೆ ಹಾಕಿದ್ರೆ ಮುಖ ಕೆಂಪಾಗಿ, ವಾಂತಿ ಆಗಿ, ಎದೆ ಬಡ್ಕೊಂಡು, ಬಿಪಿ ಇಳಿದು ಜೀವಕ್ಕೇ ಬರಬಹುದು. ಗೊತ್ತಿಲ್ಲದೆ ತಿಂದೋನಿಗೆ ಎಚ್ಚರ ಎಲ್ಲಿಂದ ಬರುತ್ತೆ? ಇನ್ನು ಎಳೆ ಮಗುವಿಗೆ ಬ್ರಾಂದಿ ತೊಟ್ಟು ಕೂಡ ಬೇಡವೇ ಬೇಡ. ಸಕ್ಕರೆ ಅಂಶ ಕುಸಿದು ಮಗು ಕೈ ಬಿಟ್ಟೀತು. ಮೈಗೆ ಉಜ್ಜೋದೂ ಬೇಡ, ಎಳೇ ಚರ್ಮ ಹೀರಿಕೊಳ್ಳುತ್ತೆ.

ಇನ್ನೊಂದು, ಇದನ್ನ ಎಲ್ಲರೂ ಓದಿ. ನಮ್ಮ ಕಡೆ ಎಲ್ಲ ಒಂದೇ ಚಾಪೆ, ಒಂದೇ ಹಾಸಿಗೆ. ಕುಡಿದ ದಿನ, ಸ್ವಲ್ಪ ಕುಡಿದಿದ್ರೂ ಸರಿ, ಅಪ್ಪ ಮಗುವಿನ ಪಕ್ಕ ಮಲಗಬಾರದು. ಎಚ್ಚರ ಇಲ್ಲದೆ ಕೈ ಮೇಲೆ ಬಿದ್ರೆ, ಕಂಬಳಿ ಮುಚ್ಚಿಕೊಂಡ್ರೆ ಹಸುಗೂಸಿಗೆ ಅಳೋಕೂ ಆಗಲ್ಲ. ಅವನು ನಡುಮನೇಲಿ ಮಲಗಲಿ. ಜಗಳ ಆದ್ರೆ ಆಗಲಿ.

ಹೊಸ ಚಪ್ಪರ · ಬೆಳಿಗ್ಗೆ 10:30

ನಮಗೆ ಮದುವೆಯಾಗಿ ಒಂದು ವರ್ಷ, ಮಗು ಬೇಕು ಅಂತಿದ್ದೀವಿ. ಗಂಡಸು ಯಾವಾಗಿಂದ ನಿಲ್ಲಿಸಬೇಕು ಸಿಸ್ಟರ್?

ಲೇಬರ್ ವಾರ್ಡ್ · ಬೆಳಿಗ್ಗೆ 10:44

ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಮೂರು ತಿಂಗಳು ಮುಂಚೆ ಅಂತ ಇಟ್ಕೊಳ್ಳಿ. ಸಿಗರೇಟೂ ಸೇರಿಸಿ.

ನಾಲೆ ಏರಿ · ಮಧ್ಯಾಹ್ನ 1:15

ನಾನು ಓದ್ತಾ ಇದ್ದೆ, ಬರೆಯೋದು ಬೇಡ ಅಂದ್ಕೊಂಡಿದ್ದೆ. ನನ್ನ ಹೆಂಡತಿಗೆ ಮುಂದಿನ ವಾರ ಡೇಟ್ ಕೊಟ್ಟಿದ್ದಾರೆ. ದಿನಾ ಕುಡೀತೀನಿ, ವರ್ಷಗಳಿಂದ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತೆ, ಸ್ವಲ್ಪ ಹಾಕಿದ್ರೆ ನಿಲ್ಲುತ್ತೆ. ಇವತ್ತೇ ಚಾಮುಂಡಿ ಬೆಟ್ಟಕ್ಕೆ ಹೋಗಿ ಆಣೆ ಮಾಡಿ ಪೂರ್ತಿ ನಿಲ್ಲಿಸಿಬಿಡೋಣ ಅಂತಿದ್ದೀನಿ. ಮಗುನ ಕುಡಿದ ಕೈಯಲ್ಲಿ ಎತ್ತಿಕೊಳ್ಳಬಾರದು ಅಂತ.

ಲೇಬರ್ ವಾರ್ಡ್ · ಮಧ್ಯಾಹ್ನ 1:19

ತಮ್ಮಾ, ನಿಲ್ಲಿ. ಆಣೆ ಮಾಡಿ, ಆದ್ರೆ ಮನೇಲಿ ಒಬ್ಬರೇ ದಿಢೀರಂತ ನಿಲ್ಲಿಸಬೇಡಿ. ಬೆಳಿಗ್ಗೆ ಕೈ ನಡುಗಿ, ಹಾಕಿದ್ರೆ ನಿಲ್ಲುತ್ತೆ ಅಂದ್ರೆ ದೇಹ ಅದಕ್ಕೆ ಒಗ್ಗಿಹೋಗಿದೆ ಅಂತ. ಹಾಗಿರೋರು ಒಮ್ಮೆಲೇ ಬಿಟ್ರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣಿಸೋದು, ದಿಕ್ಕು ತಪ್ಪಿ ಮಾತಾಡೋದು, ಜ್ವರ, ಬೆವರು ಶುರುವಾದ್ರೆ ಅದು ಪ್ರಾಣಕ್ಕೆ ಅಪಾಯ. ಹೆಂಡತಿ ಲೇಬರ್ ರೂಮಲ್ಲಿ, ಗಂಡ ಎಮರ್ಜೆನ್ಸೀಲಿ ಇದ್ದ ದಿನ ನಾನು ನೋಡಿದ್ದೀನಿ.

ಇವತ್ತೇ ಹೋಗಿ. ಮೈಸೂರಾದ್ರೆ ಕೆ.ಆರ್. ಆಸ್ಪತ್ರೆ, ಮಂಡ್ಯ ಆದ್ರೆ ಮಿಮ್ಸ್, ಮನೋವೈದ್ಯಕೀಯ ವಿಭಾಗ ಅಂತ ಕೇಳಿ. ಕೆಲವು ದಿನ ಮಾತ್ರೆ ಕೊಟ್ಟು ಹಂತ ಹಂತವಾಗಿ ಇಳಿಸ್ತಾರೆ, ಜೊತೆಗೆ ಥಯಾಮಿನ್ ವಿಟಮಿನ್ ಕೊಡ್ತಾರೆ. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ. 14446 ಮದ್ಯ, ಮಾದಕ ವಸ್ತುಗಳ ವ್ಯಸನ ಬಿಡಿಸೋಕೆ ಇರೋ ರಾಷ್ಟ್ರೀಯ ಸಹಾಯವಾಣಿ. ಫಿಟ್ಸ್ ಬಂದ್ರೆ 108.

ಬೆಲ್ಲದಚ್ಚು · ಮಧ್ಯಾಹ್ನ 1:40

ಅಣ್ಣೋ, ಒಬ್ನೇ ಓಗಬ್ಯಾಡ. ಎಲ್ಲಿದ್ದೀಯೆ ಯೇಳು, ನಾನು ಮಂಡ್ಯದಾಗೇ ಇವ್ನಿ, ಬೈಕ್ ತರ್ತೀನಿ. ಆಮ್ಯಾಕೆ ಬೇಕಾದ್ರೆ ಧರ್ಮಸ್ಥಳದೋರು ಊರೂರಲ್ಲಿ ಮಾಡ್ತಾರಲ್ಲ ಮದ್ಯವರ್ಜನ ಶಿಬಿರ, ಎಂಟ್ ದಿನದ್ದು, ಅದಕ್ ಸೇರ್ಕೋ. ನಮ್ಮೂರೋರು ಓಗಿದ್ರು. ಮುಗುದ್ ಮ್ಯಾಲೂ ನವಜೀವನ ಸಮಿತಿ ಅಂತ ವಾರ್ವಾರ ಸೇರುಸ್ತಾರೆ, ಅದೇ ಮುಖ್ಯ. ನಾ ಅಂದ್ನಲ್ಲ, ಮಾಲೆ ಆಕಿದಂಗೆ, ಜೊತೇಗ್ ಜನ ಬೇಕು.

ನಾಲೆ ಏರಿ · ಸಂಜೆ 5:50

ಹೋಗಿ ಬಂದೆ. ಅಡ್ಮಿಟ್ ಆಗು ಅಂದ್ರು, ನಾಳೆಯಿಂದ. ನಮ್ಮ ಮಾವ ಜೊತೆಗಿರ್ತಾರೆ. ಬೆಲ್ಲದಚ್ಚು ಅಣ್ಣ, ಮೆಸೇಜ್ ಮಾಡಿದ್ದೀನಿ.

ಶನಿವಾರ ಸಂಜೆ · ಸಂಜೆ 6:30

ಸಿಸ್ಟರ್, ಕೈ ನಡುಗೋದೆಲ್ಲ ಇಲ್ಲದ ನನ್ನಂಥೋರಿಗೆ ಏನು ಅಳತೆ? ಸುಮ್ನೆ ಕೇಳ್ತಿದ್ದೀನಿ.

ಲೇಬರ್ ವಾರ್ಡ್ · ಸಂಜೆ 7:02

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನೋ ಹತ್ತು ಪ್ರಶ್ನೆ ಇದೆ. ಎಷ್ಟು ದಿನಕ್ಕೊಮ್ಮೆ, ಕೂತ್ರೆ ಎಷ್ಟು, ಶುರು ಮಾಡಿದ್ರೆ ನಿಲ್ಲಿಸೋಕಾಗುತ್ತಾ, ಮಾರನೇ ದಿನ ನೆನಪಿರುತ್ತಾ, ಮನೆಯೋರು ಕಮ್ಮಿ ಮಾಡು ಅಂದಿದ್ದಾರಾ, ಹೀಗೆ. 8 ಅಂಕ ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ್ ಹತ್ತಿರ ಮಾತಾಡಬೇಕು ಅಂತ. ಸುಮ್ನೆ ಕೇಳಿದ್ರೂ ಪರವಾಗಿಲ್ಲ, ಸುಮ್ನೆ ಬರೆದು ನೋಡಿ.

ಎಳನೀರು · ಹತ್ತು ದಿನ ಆದ ಮೇಲೆ

ಏನಾಯ್ತು ಅಂತ ಕೇಳಿ ತುಂಬಾ ಜನ ಬರೆದಿದ್ದೀರ. ದೊಡ್ಡದೇನೂ ಆಗಿಲ್ಲ.

ಅಮ್ಮನಿಗೆ ಹೇಳಿದೆ, ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ಒಂದು ದಿನ ಮಾತೇ ಆಡಲಿಲ್ಲ. 'ಅಳಿಯನಿಗೆ ಏನೂ ಕೊಡದೆ ಕಳಿಸೋದಾ' ಅಂತ ಅಣ್ಣ ಗೊಣಗಿದ. ಕೊನೆಗೆ ಭಾನುವಾರ ಬಾಟ್ಲಿ ಬರಲಿಲ್ಲ. ಊಟ ಆದ ಮೇಲೆ ಏನು ಮಾಡಬೇಕು ಅಂತ ಪಾಪ ಅವರಿಗೂ ಗೊತ್ತಾಗಲಿಲ್ಲ, ನಮ್ಮಣ್ಣನಿಗೂ ಗೊತ್ತಾಗಲಿಲ್ಲ. ಇಬ್ಬರೂ ಅಟ್ಟದ ಮೇಲಿದ್ದ ನಮ್ಮಜ್ಜಿ ಕಾಲದ ತೊಟ್ಟಿಲು ಇಳಿಸಿ, ಕೊಂಡಿ ಬಿಗಿ ಮಾಡಿ, ಮರಳು ಕಾಗದದಲ್ಲಿ ಉಜ್ಜುತ್ತಾ ಕೂತ್ರು. 9ನೇ ತಾರೀಕು ತಪಾಸಣೆಗೆ ಶಿಫ್ಟ್ ಬದಲಾಯಿಸಿಕೊಂಡು ಬಂದಿದ್ರು. ಒಳಗೆ ಕರೆದ್ರು, ಎದೆಬಡಿತ ಕೇಳಿಸಿಕೊಂಡ್ರು.

ಬೆಳಿಗ್ಗೆ ಹೊತ್ತು, ಅವರು ಸರಿಯಾಗಿರೋವಾಗ ಕೇಳಿದೆ, ಒಬ್ಬರೇ ಕುಡೀತೀರಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು, ಮನೇಲೇ, ಟಿವಿ ಹಾಕ್ಕೊಂಡು ಅಂದ್ರು. ಮನೆ ನುಂಗೋಕೆ ಬರುತ್ತೆ ಅಂದ್ರು. ಆ ಮಾತು ಅವರ ಬಾಯಲ್ಲಿ ಮೊದಲ ಸಲ ಕೇಳಿದ್ದು. ಈಗ ರಾತ್ರಿ ಪಾಳಿ ಇಲ್ಲದ ದಿನ ಅವರ ಅಕ್ಕನ ಮನೇಲಿ ಊಟ, ಕುವೆಂಪುನಗರದಲ್ಲಿ. ಕಳೆದ ಶನಿವಾರ ಕುಡಿದ್ರು. ಹೇಳಿಯೇ ಕುಡಿದ್ರು. ಅದನ್ನ ಒಳ್ಳೇದು ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ ನನಗೆ ಗೊತ್ತಿಲ್ಲ.

ಈಗ ನನ್ನ ತಲೆಬಿಸಿ ತೊಟ್ಟಿಲು ಶಾಸ್ತ್ರದ್ದು. ಅವರ ಫ್ಯಾಕ್ಟರಿ ಸ್ನೇಹಿತರು ಈಗಲೇ ಪಾರ್ಟಿ ಕೇಳ್ತಿದ್ದಾರಂತೆ. ಬೇಡ ಅಂದ್ರೆ ಅವರಿಗೆ ಅವಮಾನ, ಹೂಂ ಅಂದ್ರೆ ಮತ್ತೆ ಅದೇ.

ಬೆಲ್ಲದಚ್ಚು · ರಾತ್ರಿ 8:50

ಬಾಡೂಟ ಆಕ್ಸವ್ವ, ಅದಕ್ಯಾಕ್ ಇಲ್ಲ ಅಂತೀಯೆ? ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಆದ್ರೆ ಮಧ್ಯಾನ ಇಕ್ಕು, ರಾತ್ರಿ ಬ್ಯಾಡ. ಮನೆ ಮುಂದೆ ಶಾಮಿಯಾನದಲ್ಲಿ ಇಕ್ಕು, ತ್ವಾಟದಲ್ಲಿ ಬ್ಯಾಡ. ಅಜ್ಜಿದೀರು, ಮಕ್ಳು ಮಧ್ಯ ಪಂಕ್ತೀಲಿ ಕೂತೋನು ಬಾಟ್ಲು ತಗಿಯಾಕಿಲ್ಲ.

ಬಿಲ್ ಕೌಂಟರ್ · ರಾತ್ರಿ 12:58

ಮಂಗಳವಾರವೋ ಬುಧವಾರವೋ ಇಟ್ಕೊಳ್ಳಿ ಅಕ್ಕ. ಊಟ ಮುಗಿಸಿ ಎಲ್ಲರೂ ಸೆಕೆಂಡ್ ಶಿಫ್ಟಿಗೆ ಓಡಬೇಕಾಗುತ್ತೆ.